ಅಪ್ಪ ಸಿಗರೇಟೂ ಮುಟ್ಟುವುದಿಲ್ಲ

ವ್ಯಸನಮುಕ್ತಿ ಅಭಿಯಾನದ ಅಧಿಕಾರಿಗಳೇ,

ಇಂದು ಬೆಳಿಗ್ಗೆ ಮೊಳಕಾಲ್ಮೂರಿನಲ್ಲಿ ಚಳ್ಳಕೆರೆ ಬಸ್ಸಿಗೆ ಕೈ ಎತ್ತಿದೆ. ಪಕ್ಕದಲ್ಲಿ ನಿಂತಿದ್ದ ಶಾಲೆಯ ಹುಡುಗಿ ಥಟ್ಟನೆ ತಲೆ ಮುಚ್ಚಿಕೊಂಡಳು. ಆಮೇಲೆ ನಾಚಿ, ಜಡೆ ಸರಿಮಾಡಿಕೊಂಡಂತೆ ನಟಿಸಿದಳು. ಇಂಥ ಮಕ್ಕಳಿಂದಲೇ ನೀವು ವರ್ಷವರ್ಷವೂ ‘ಕುಡಿಯುವುದಿಲ್ಲ’ ಎಂದು ಪ್ರತಿಜ್ಞೆ ಮಾಡಿಸುತ್ತೀರಿ. ಅವರ ಮನೆಯ ಹೊಡೆತ ನಿಲ್ಲಿಸುವುದು ಮಾತ್ರ ಯಾವ ಇಲಾಖೆಯ ಕೆಲಸವೂ ಅಲ್ಲ. ನನ್ನ ದೂರು ಇದೇ.

ನನ್ನ ತಮ್ಮ ಮಾರುತೇಶ ಎಂಟನೇ ತರಗತಿಯಲ್ಲಿ ಆ ಪ್ರತಿಜ್ಞೆ ಮಾಡಿದವನೇ. ಕೈ ಚಾಚಿದಾಗ ಅಂಗಿ ಜಾರಿ ಬೆಲ್ಟಿನ ಬಾಸುಂಡೆ ಕಂಡಿತು. ಹಿಂದಿನ ಸಾಲಿನಿಂದ ನಾನು ನೋಡಿದೆ. ಆಗಿನ ಅಧಿಕಾರಿಗಳೂ ನೋಡಿದರು. ಅವನ ಮೊಣಕೈ ಹಿಡಿದು, “ಇನ್ನೂ ನೆಟ್ಟಗೆ” ಎಂದರು. ಫೋಟೋ ಚೆನ್ನಾಗಿ ಬಂದಿತ್ತು.

ನಮ್ಮದು ರೇಷ್ಮೆ ಸೀರೆ ನೇಯುವ ಮನೆ. ಅಪ್ಪ ಅವ್ವನ ಮೇಲೆ ಕೈಮಾಡಿದಾಗಲೆಲ್ಲ ಮಾರುತೇಶ ಮಗ್ಗದ ಗುಂಡಿಗಿಳಿದು ಕಿವಿ ಮುಚ್ಚಿಕೊಳ್ಳುತ್ತಿದ್ದ. ಅಲ್ಲಿಂದ ಎಳೆದು ಅವನಿಗೂ ಬಾರಿಸುತ್ತಿದ್ದರು. ದಯವಿಟ್ಟು ಗಮನಿಸಿ, ಅಪ್ಪ ಕುಡಿಯುವವರಲ್ಲ. ನಿಮ್ಮ ಭಿತ್ತಿಪತ್ರಗಳ ಲೆಕ್ಕದಲ್ಲಿ ನಮ್ಮದು ಆದರ್ಶ ಕುಟುಂಬ. ನ್ಯಾಯ ಹೇಳಲು ಬಂದ ಬೀದಿಯ ಹಿರಿಯರೂ ಅದನ್ನೇ ಅಂದರು: “ಕುಡಿಯಲ್ಲ, ಇಸ್ಪೀಟಾಡಲ್ಲ. ದೇವ್ರಂಥ ಗಂಡ. ಇನ್ನೇನ್ ಬೇಕವ್ವ ನಿಂಗೆ?”

ಹದಿನಾರಕ್ಕೆ ಮಾರುತೇಶ ಕುಡಿಯತೊಡಗಿದ. ನಾನು ಬೈದೆ.

“ಕುಡುದ್ರೆ ಅವ್ವ ಕೂಗೋದು ಕೇಳಲ್ಲ ಕಣಕ್ಕ.”

“ಅವ್ವ ಎಲ್ಲಿ ಕೂಗ್ತಾಳೋ? ಮಲ್ಗವ್ಳೆ ನೋಡು.”

“ನಿಂಗ್ ಕೇಳಲ್ಲ ಬಿಡು.”

ಹೊಡೆತ ಕಂಡು ಬೆಳೆದವರೆಲ್ಲ ಕುಡಿಯುತ್ತಾರೆಯೇ? ಇಲ್ಲ. ಅದೇ ಮನೆಯ ನಾನು ಕುಡಿಯುವುದಿಲ್ಲ; ಯಾರಾದರೂ ದನಿ ಏರಿಸಿದರೆ ನನ್ನ ಬಾಯಿ ಕಟ್ಟಿಹೋಗುತ್ತದೆ, ಅಷ್ಟೇ. ಒಂದೇ ಗಾಯ ಒಬ್ಬೊಬ್ಬರಲ್ಲಿ ಒಂದೊಂದು ರೀತಿ ಕೊಳೆಯುತ್ತದೆ. ನೀವು ಬಾಟಲಿಯನ್ನಷ್ಟೇ ನೋಡುತ್ತೀರಿ.

ಬೆಳಗಿನ ಬಸ್ಸಿನಲ್ಲಿ ನಾನು ಹೋದದ್ದು ಚಳ್ಳಕೆರೆಯ ನಿಮ್ಮ ಶಿಬಿರಕ್ಕೆ. ಅಲ್ಲಿ ಸೇರಿಸಿರುವ ಮಾರುತೇಶನನ್ನು ನಾಳೆ ಬಿಡುತ್ತಾರೆ. ಕರೆದೊಯ್ಯಲು ಅಪ್ಪನಿಗೆ ಫೋನ್ ಹೋಗಿದೆ. “ಮನೆ ವಾತಾವರಣ ಚೆನ್ನಾಗೈತಲ್ಲಮ್ಮ, ನಿಮ್ಮಪ್ಪ ಸಿಗರೇಟೂ ಮುಟ್ಟಲ್ವಂತೆ” ಎಂದರು ನಿಮ್ಮ ಸಿಬ್ಬಂದಿ. ನಾನು ಏನೂ ಹೇಳಲಾಗದೆ ಬಂದೆ. ಅದಕ್ಕೇ ಬರೆಯುತ್ತಿದ್ದೇನೆ.

ಎಷ್ಟು ಕುಡಿಯುತ್ತೀಯ ಎಂದು ಕೇಳುವ ಮೊದಲು, ಚಿಕ್ಕಂದಿನಲ್ಲಿ ನಿನ್ನನ್ನು ಯಾರು ಹೊಡೆದರು ಎಂದು ಕೇಳಿ. ಶಾಲೆಗೆ ಪ್ರತಿಜ್ಞೆಯ ಬದಲು, ಮಕ್ಕಳೊಂದಿಗೆ ಒಬ್ಬೊಬ್ಬರಾಗಿ ಕೂತು ಮಾತಾಡುವವರನ್ನು ಕಳಿಸಿ. ಹೊಡೆದವರ ಕೈಗೇ ಯಾರನ್ನೂ ಮರಳಿ ಒಪ್ಪಿಸಬೇಡಿ.

ನಾಳೆ ಅಪ್ಪ ಬರುವ ಮೊದಲೇ ಮಾರುತೇಶನನ್ನು ನಾನು ಕರೆದೊಯ್ಯುತ್ತೇನೆ. ಒಂದು ಕೋಣೆ ಗೊತ್ತುಮಾಡಿದ್ದೇನೆ. ಯಾವ ಊರು ಎಂದು ಬರೆಯುವುದಿಲ್ಲ. ಅವ್ವನೂ ಬರುತ್ತಾಳೆ. ಪತ್ರಿಕೆಗೂ ಕಳಿಸುತ್ತಿರುವ ಈ ಪತ್ರ ಅಚ್ಚಾಗುವ ಹೊತ್ತಿಗೆ ಅಪ್ಪನ ಮನೆಯಲ್ಲಿ ಅಪ್ಪ ಒಬ್ಬರೇ ಇರುತ್ತಾರೆ.

ಇಂತಿ,
ಎದುರು ನಿಂತು ಹೇಳಲಾಗದ
ಕಾಂಚನಾ
(ಇಂದಿನವರೆಗೆ ಮೊಳಕಾಲ್ಮೂರಿನವಳು)