ಹಸಿರು ಬಾಗಿಲಿನ ಪಂಪ್ ಶೆಡ್ಡು

ರೀ,

ನಿಮ್ಮನ್ನ ಎಬ್ಬಿಸಲಿಲ್ಲ. ಎಬ್ಬಿಸಿದ್ರೆ ಜಗಳ ಆಗ್ತಿತ್ತು. ತಿಂಡಿ ಮುಚ್ಚಿಟ್ಟಿದ್ದೀನಿ. ಮಾವನ ಮಾತ್ರೆ ತಿಂಡಿ ಆದ್ಮೇಲೇ ಕೊಡಿ.

ಇವತ್ತು ಹತ್ತು ಗಂಟೆಗೆ ನೆರೆ ಪರಿಹಾರದ ಪಟ್ಟೀನ ನಮ್ಮಾಫೀಸಿನ ಗೋಡೆಗೆ ನಾನೇ ಅಂಟಿಸ್ಬೇಕು. ಈ ಸಲ ಬರೀ ಹೆಸರಲ್ಲ, ಎಲ್ಲರೂ ನೋಡ್ಲಿ ಅಂತ ಪಕ್ಕದಲ್ಲೇ ಹೊಲದ ಫೋಟೋನೂ ಇರತ್ತೆ. ನಲವತ್ತೊಂದನೇ ಹೆಸರು ನಿಮ್ದು.

ನಮ್ಮ ಹೊಲಕ್ಕೆ ಒಂದು ಚೊಂಬು ನೀರೂ ನುಗ್ಗಿಲ್ಲ. ನೀವು ಕೊಟ್ಟಿರೋದು ಪಕ್ಕದ್ಮನೆ ದೊಡ್ಡಮ್ಮನ ಹೊಲದ ಫೋಟೋ. ಮೂಲೇಲಿ ಅವರ ಪಂಪ್ ಶೆಡ್ಡು, ಹೋದ ವರ್ಷ ನೀವೇ ಬಣ್ಣ ಹೊಡ್ದುಕೊಟ್ಟ ಹಸಿರು ಬಾಗಿಲು ಸಮೇತ ಕಾಣ್ತಿದೆ. ಚಿಕ್ಕಂದಿನಲ್ಲಿ ಅವರ ಮನೇಲೇ ಉಂಡು ಬೆಳೆದೋರು ನೀವು. ಉಂಡ ಮನೆಗೆ ಎರಡು ಬಗೆಯೋದು ಅಂದ್ರೆ ಇದೇ.

ದೊಡ್ಡಮ್ಮನ ಅರ್ಜಿ ತಿರಸ್ಕಾರ ಆಗಿದೆ. "ಈ ಜಾಗದ ಫೋಟೋ ಈಗಾಗಲೇ ಬಂದಿದೆ" ಅಂತ ಕಂಪ್ಯೂಟರಿಗೆ ಹಾಕಿದ್ದು ನಾನೇ. ಮೊದಲು ಬಂದಿದ್ದು ಯಾರ್ದು ಅಂತ ನೋಡಿದ್ದು ನಿನ್ನೆ ಸಂಜೆ.

ನಿಮ್ಮ ಹೆಸರು ನಾನು ಅಳಿಸಲ್ಲ. ಕದ್ದು ಅಳಿಸಿದ್ರೆ ನಾನೂ ಕಳ್ಳೀನೇ. "ಬೇರೆಯವರ ಹೊಲದ ಫೋಟೋ ಕೊಟ್ಟಿದ್ದೆ, ಪರಿಹಾರ ಬೇಡ" ಅಂತ ಬರೆದು, ಸಹಿ ಹಾಕಿ, ಒಂಬತ್ತೂವರೆ ಒಳಗೆ ಸಾಹೇಬ್ರ ಕೈಗೇ ಕೊಡಿ. ಹಾಳೆ, ಪೆನ್ನು ಟೀವಿ ಹತ್ರ ಇದೆ. ಬೈಕ್ ಕೀ ಹುಡುಕ್ತಾ ಕೂರ್ಬೇಡಿ, ನಿನ್ನೆ ಹಾಕಿದ್ದ ಶರ್ಟಿನ ಜೇಬಲ್ಲಿದೆ. ಒಬ್ರೇ ಹೋಗೋಕೆ ಮುಖ ಇಲ್ದಿದ್ರೆ ಆಫೀಸ್ ಗೇಟಿನ ಹತ್ರ ಬನ್ನಿ, ನಾನೂ ಜೊತೆಗೆ ಬರ್ತೀನಿ.

ದೊಡ್ಡಮ್ಮ ಹತ್ತಕ್ಕೇ ಬರ್ತಾರಂತೆ. "ನಂಗೆ ಓದೋಕೆ ಬರಲ್ಲ, ನೀನೇ ಓದಿ ಹೇಳು ತಾಯಿ" ಅಂದಿದ್ದಾರೆ.

ಅಕ್ಷರ ಬರಲ್ಲ, ನಿಜ. ಅವರ ಬಾಗಿಲು ಅವರಿಗೆ ಗುರ್ತು ಸಿಗಲ್ವೇನ್ರೀ?