ಚಾದರ ಮಡಚುವ ಹಾಡು

ಮಂಗಳವಾರ, ಊಟದ ಬಿಡುವು

ಮುದ್ದು ಗುಬ್ಬಿಗೆ,

ನಿನ್ನ ಅಕ್ಕ ಮಾಡುವ ಆಶೀರ್ವಾದ. ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಕಾಗದ ಬಂದು ತಿಂಗಳಾಯಿತು, ಉತ್ತರ ಬರೆಯಲಿಲ್ಲವೆಂದು ಮುಖ ಊದಿಸಿಕೊಳ್ಳಬೇಡ. ಮೂರು ಸಲ ಬರೆದು ಮೂರು ಸಲ ಹರಿದೆ. ಸಿಟ್ಟಿನಲ್ಲಿ ಬರೆದರೆ ನನ್ನ ಅಕ್ಷರ ನನಗೇ ಓದಲಾಗುವುದಿಲ್ಲ. ಇವತ್ತೂ ಸಿಟ್ಟು ಇಳಿದಿಲ್ಲ, ಅಕ್ಷರ ಮಾತ್ರ ಪರವಾಗಿಲ್ಲ.

ನಿನ್ನ ಹಾಡು ಎಲ್ಲಿ ಹೋದರೂ ಕೇಳುತ್ತದೆ. ಕ್ಷೌರದಂಗಡಿಯಲ್ಲಿ, ಬಸ್ಸಿನಲ್ಲಿ, ಪಕ್ಕದ ಮನೆಯವರ ಫೋನಿನಲ್ಲಿ. ನಿನ್ನ ಭಾವ ಹಲ್ಲುಜ್ಜುವಾಗಲೂ ಅದನ್ನೇ ಗುನುಗುತ್ತಾರೆ, ಶ್ರುತಿಯನ್ನಂತೂ ದೇವರೇ ಕಾಪಾಡಬೇಕು. ನನಗೂ ಹೆಮ್ಮೆಯಾಗಿತ್ತು. ಆಮೇಲೆ ನಿನ್ನ ಸಂದರ್ಶನ ನೋಡಿದೆ.

‘ಹತ್ತಿರ ಬಾ, ತುದಿ ಕೂಡಿಸು, ದೂರ ಹೋಗು, ತುದಿ ಬಿಡಬೇಡ.’ ಇದು ರೈಲು ನಿಲ್ದಾಣದಲ್ಲಿ, ಬಿಟ್ಟು ಹೊರಟವನ ಶಾಲಿನ ತುದಿ ಹಿಡಿದು ನಿಂತಾಗ ಹೊಳೆಯಿತು ಎಂದೆಯಲ್ಲ! ಯಾವ ರೈಲು, ಯಾವ ಶಾಲು? ನಮ್ಮೂರಿಗೆ ರೈಲೇ ಇಲ್ಲ ಕಣೇ.

ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆ ಅಷ್ಟು ಬೇಗ ಮರೆತುಹೋಯಿತೇ? ಅಮ್ಮ ಬಿಸಿ ಚಾದರಗಳನ್ನು ಮೇಜಿನ ಮೇಲೆ ಸುರಿಯುತ್ತಿದ್ದಳು, ಶಾಲೆ ಬಿಟ್ಟು ಬಂದ ನಾವಿಬ್ಬರೂ ಎರಡು ಕಡೆ ಹಿಡಿಯುತ್ತಿದ್ದೆವು. ಹಾಡಿನ ಮೊದಲ ಸಾಲಿಗೆ ಎದುರುಬದುರು ನಡೆದು ತುದಿ ಕೂಡಿಸಬೇಕು, ಎರಡನೆಯದಕ್ಕೆ ಹಿಂದೆ ಸರಿದು ಬಿಗಿ ಎಳೆಯಬೇಕು. ನಾಲ್ಕು ಸಲ ಹಾಡಿದರೆ ಒಂದು ಚಾದರ. ಆ ಹಾಡು ಕಟ್ಟಿದವರು ಯಾರು ಎಂಬ ಮಾತು ಬಿಡು. ಇಪ್ಪತ್ತೆರಡು ವರ್ಷದಿಂದ ಇಲ್ಲಿಯ ಹೆಂಗಸರೆಲ್ಲ ಅದರ ಲೆಕ್ಕದಲ್ಲೇ ಹೆಜ್ಜೆ ಇಟ್ಟಿದ್ದಾರೆ.

ಅಮ್ಮನ ನಂತರ ನಾನು ದುಡಿಯುತ್ತಿರುವ ಈ ಕೋಣೆಗೆ ಈಗ ಹೊಸ ಮೇಲ್ವಿಚಾರಕಿ ಬಂದಿದ್ದಾರೆ. ಹೋದ ವಾರ ಬಾಗಿಲಲ್ಲೇ ನಿಂತು, “ಏನ್ರೀ ಇದು, ಕೆಲಸದ ಹೊತ್ನಲ್ಲಿ ಪ್ರೇಮಗೀತೆ? ಇದು ಆಸ್ಪತ್ರೆ ಅಂತ ನೆನಪಿದ್ಯಾ?” ಎಂದರು.

“ಮೇಡಂ, ಈ ಹಾಡು ಹುಟ್ಟಿದ್ದೇ ಈ ಕೋಣೇಲಿ,” ಎಂದೆ.

ಅವರು ಫೋನು ತೆಗೆದು ನಿನ್ನ ಸಂದರ್ಶನವನ್ನೇ ಹಚ್ಚಿದರು. “ನಿಮ್ಮ ತಂಗೀನೇ ಹೇಳ್ತಿದಾರಲ್ಲ, ಇನ್ನೇನು ಬೇಕು ನಿಮಗೆ?”

ನಿನ್ನನ್ನು ಸುಳ್ಳಿ ಎಂದು ಹತ್ತು ಜನರೆದುರು ಹೇಳಲೇ?

ಈಗ ಹಾಡುವಂತಿಲ್ಲ. ಹಾಡಿಲ್ಲದೆ ಹೆಜ್ಜೆ ಕೂಡುವುದಿಲ್ಲ. ನಾನು ಮುಂದೆ ಬಂದರೆ ಜೊತೆಯವಳು ಹಿಂದೆ ಸರಿದಿರುತ್ತಾಳೆ, ಚಾದರ ನೆಲಕ್ಕೆ. ನೆಲಕ್ಕೆ ಬಿದ್ದದ್ದನ್ನು ರೋಗಿಗೆ ಹಾಸುವಂತಿಲ್ಲ, ಮತ್ತೆ ಒಗೆಯಬೇಕು. ನಿನ್ನೆ ಒಂದೇ ದಿನ ಹನ್ನೊಂದು ಬಿದ್ದವು. “ನಿಮ್ ಕೈಲಿ ಇನ್ನು ಆಗಲ್ಲ ಅನ್ಸುತ್ತೆ,” ಎಂದು ಮೇಲ್ವಿಚಾರಕಿ ಬಹಳ ಮರ್ಯಾದೆಯಿಂದಲೇ ಹೇಳಿದರು. ಎಲ್ಲಿ ನನ್ನನ್ನು ಗೇಟಿನ ಬಳಿ ಬಂದವರಿಗೆ ಚೀಟಿ ಹರಿದುಕೊಡಲು ಕೂರಿಸುತ್ತಾರೋ ಎಂದು ಭಯ.

ಮುಂದಿನ ವಾರ ರೇಡಿಯೋದಲ್ಲಿ ಮಾತಾಡುತ್ತೀಯಂತೆ. ಅದು ಬಟ್ಟೆ ಕೋಣೆಯ ಹಾಡು ಎಂದು ಒಂದೇ ಒಂದು ಮಾತು ಹೇಳು. ಪ್ರೇಮಗೀತೆ ಮಾಡಿಕೊಂಡದ್ದಕ್ಕೆ ನನ್ನ ತಕರಾರಿಲ್ಲ, ಚೆನ್ನಾಗಿಯೇ ಹಾಡಿದ್ದೀಯ. ಗಂಟಲು ಜೋಪಾನ, ತಣ್ಣೀರು ಕುಡಿಯಬೇಡ. ನಿನಗೆ ಇನ್ನೂ ಹೆಸರು ಬರಲಿ.

ನಿನ್ನ ಅಕ್ಕ

ತಾ.ಕ.: ಆಗ ನಿನಗೆ ಆರು ವರ್ಷ. ಹಿಂದೆ ಸರಿಯುವಾಗ ಕೈಬಿಟ್ಟು ಬೈಸಿಕೊಂಡು ಅಳುತ್ತಿದ್ದೆ. ನೀನು ಅಳಬಾರದೆಂದು ನಾನೇ ಕಟ್ಟಿದ ಎರಡು ಸಾಲು ಅದು. ಸಂದರ್ಶನದವನು “ತುದಿಯ ಆ ಕಡೆ ಇದ್ದದ್ದು ಯಾರು?” ಎಂದು ಕೇಳಿದಾಗ, “ಮುಖಾನೂ ನೆನಪಿಲ್ಲ” ಎಂದು ನೀನು ನಕ್ಕೆ. ಗುಬ್ಬಿ, ಆ ಕಡೆ ಇದ್ದವಳು ನಾನು.