ಏಳು ಬೆರಳು

ನನ್ನ ಕೂಸೇ,

ಹಡಗುಕಟ್ಟೆಯಲ್ಲಿ ಕ್ರೇನಿಗೆ ಸನ್ನೆ ತೋರಿಸುವ ಕೆಲಸಕ್ಕೆ ಇವತ್ತು ನಿನ್ನ ಮೊದಲ ಪಾಳಿ. ನೇಮಕದ ಕಾಗದವನ್ನು ಬೆಳಗಿನಿಂದ ನಿನ್ನ ಅಪ್ಪ ನಾಲ್ಕು ಸಲ ಓದಿದರು. ನಾನು ಬಿಡುತ್ತೇನೆಯೇ, ಐದು ಸಲ ಓದಿದೆ. ಎದುರಿಗೆ ನಿಂತು ಹೇಳಲು ನನಗೆ ಬಾರದು, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಇಪ್ಪತ್ತಾರು ವರ್ಷ ದುಡಿದ ನೇಯ್ಗೆ ಶೆಡ್ಡಿನಲ್ಲಿ ಬಾಯಿಗೆ ಬೆಲೆಯೇ ಇರಲಿಲ್ಲ. ಎಂಬತ್ತು ಮಗ್ಗ ಒಟ್ಟಿಗೆ ಬಡಿಯುವಾಗ ಪಕ್ಕದವಳು ಕಿವಿಯಲ್ಲಿ ಕೂಗಿದರೂ ಕೇಳಿಸದು. ಬೆರಳೇ ನಮ್ಮ ಮಾತು. ಒಂದೆಂದರೆ ಎಳೆ ಹರಿದಿದೆ. ನಾಲ್ಕೆಂದರೆ ಮೇಸ್ತ್ರಿ ಬರುತ್ತಿದ್ದಾನೆ, ಹಲ್ಲು ಕಿಸಿಯಬೇಡ. ಎರಡೂ ಕೈ ಎತ್ತಿ ಒಂದರಲ್ಲಿ ಐದು, ಇನ್ನೊಂದರಲ್ಲಿ ಎರಡು ಬೆರಳು ತೋರಿಸಿದರೆ ಏಳು: ನಿನ್ನ ಬಟ್ಟೆ ಚೆನ್ನಾಗಿ ಬರುತ್ತಿದೆ, ಶಭಾಷ್! ಈ ಏಳನ್ನು ಯಾರೂ ಸುಮ್ಮಸುಮ್ಮನೆ ಕೊಡುತ್ತಿರಲಿಲ್ಲ. ನನಗೆ ಮೊದಲ ಏಳು ಸಿಕ್ಕಿದ್ದು ಎರಡನೇ ವರ್ಷದಲ್ಲಿ. ಅಂದು ಹನ್ನೊಂದನೇ ನಂಬರ್ ಬಸ್ಸಿನಲ್ಲಿ, ಅಂದರೆ ನನ್ನ ಎರಡು ಕಾಲಿನ ಮೇಲೆಯೇ, ಮನೆಯವರೆಗೂ ಕುಣಿದುಕೊಂಡು ಬಂದೆ.

ಮದುವೆಯಾದ ಹೊಸದರಲ್ಲಿ ನಿನ್ನ ಅಪ್ಪ ಮಾಡಿದ ಅಡುಗೆ ಉಂಡು ಏಳು ತೋರಿಸಿದೆ. ಬಸ್ ಕಂಡಕ್ಟರ್ ಆಗಿದ್ದ ಮಹಾಶಯರು ತುತ್ತು ಬಿಟ್ಟು ಬಾಗಿಲ ಕಡೆ ತಿರುಗಿ, "ಎಲ್ಲಿ, ಯಾರ್ ಬಂದ್ರು?" ಎಂದರು. ಅವರ ಡಿಪೋದಲ್ಲಿ ಏಳೆಂದರೆ ಮುಂದಿನ ಸ್ಟಾಪಿನಲ್ಲಿ ಚೆಕಿಂಗ್‌ನವರು ನಿಂತಿದ್ದಾರೆಂದು! ಆ ಮುಖ ನೆನೆದರೆ ನನಗೆ ಈಗಲೂ ನಗು ತಡೆಯಲಾಗುವುದಿಲ್ಲ.

ಆದರೆ ನಿನ್ನ ಶಾಲೆಯಲ್ಲಿ ಆದದ್ದು ನಗುವ ಸಂಗತಿಯಲ್ಲ. ನೀನು ವೇದಿಕೆಯ ಮೇಲೆ ಪದ್ಯ ಹೇಳಿದೆ, ನಾನು ಹಿಂದಿನ ಸಾಲಿನಿಂದ ಎದ್ದು ನಿಂತು ಏಳು ತೋರಿಸಿದೆ. ಶಾಲೆಯ ಮಕ್ಕಳಿಗೆ ಅಂಕಿಯೆಂದರೆ ಮಾರ್ಕ್ಸು. ಹೆತ್ತ ತಾಯಿಯೇ ಹತ್ತಕ್ಕೆ ಏಳು ಕೊಟ್ಟಳೆಂದು ನಿನ್ನನ್ನು ತಿಂಗಳುಗಟ್ಟಲೆ ಗೋಳು ಹೊಯ್ದುಕೊಂಡರು. "ಅಮ್ಮ, ಇನ್ಮೇಲೆ ಎಲ್ಲರ ಮುಂದೆ ಕೈ ಎತ್ಬೇಡ" ಎಂದೆ ನೀನು. ನಾನು ಆಯಿತೆಂದೆ. ಹದಿನಾಲ್ಕು ವರ್ಷ ಆ ಮಾತು ಉಳಿಸಿಕೊಂಡೆ. ಒಳಗೊಳಗೇ ನೋಯುತ್ತಿತ್ತು ಮಗಳೇ, ಸುಳ್ಳೇಕೆ ಹೇಳಲಿ.

ಹೋದ ವಾರ ನಿನ್ನ ಪರೀಕ್ಷೆಯ ದಿನ ನಮ್ಮನ್ನು ಹಳದಿ ಗೆರೆಯ ಹಿಂದೆ ನಿಲ್ಲಿಸಿದ್ದರು. ಕೋಣೆಯಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆ ನಿನ್ನ ಬೆರಳು ಹೇಳಿದಂತೆ ಮೇಲೇರಿತು, ತಿರುಗಿತು, ನಿಂತಿತು. ನನ್ನ ಕೈ ನನ್ನ ಮಾತು ಕೇಳಲಿಲ್ಲ. ಎರಡೂ ತಾವಾಗಿಯೇ ಮೇಲೆದ್ದವು.

ನಿಮ್ಮ ಕಟ್ಟೆಯಲ್ಲಿ ಏಳೆಂದರೆ ಭಾರದ ಕೆಳಗೆ ಯಾರೋ ಇದ್ದಾರೆಂದು ನನಗೇನು ಗೊತ್ತು? ನಿನ್ನ ಮುಷ್ಟಿ ತಟ್ಟನೆ ಮೇಲೆದ್ದಿತು. ಪೆಟ್ಟಿಗೆ ಗಾಳಿಯಲ್ಲೇ ನಿಂತಿತು. ಸೈರನ್ ಕೂಗಿತು, ಜನ ಓಡಿಬಂದರು. ಮಗಳ ಅನ್ನಕ್ಕೆ ನಾನೇ ಮಣ್ಣು ಹಾಕಿದೆನಲ್ಲ ಎಂದು ಎರಡೂ ಕೈಗಳನ್ನು ಸೆರಗಿನೊಳಗೆ ಅಡಗಿಸಿದೆ.

"ಯಾರ್ರೀ ಅದು ಕೈ ಎತ್ತಿದ್ದು?" ಎಂದರು ಪರೀಕ್ಷೆಯ ಅಧಿಕಾರಿ. ಗೊತ್ತಿಲ್ಲ ಎನ್ನಬಹುದಿತ್ತು ನೀನು. ನಲವತ್ತು ಜನರ ಎದುರು ತಲೆ ಎತ್ತಿ ಹೇಳಿದೆ: "ನಮ್ಮಮ್ಮ, ಸಾರ್. ಮಗ್ಗದಲ್ಲಿ ಕೆಲಸ ಮಾಡ್ತಿದ್ರು. ಅವರಲ್ಲಿ ಏಳು ಅಂದ್ರೆ ಶಭಾಷ್ ಅಂತ."

ಅವರು ನನ್ನನ್ನು ನೋಡಿದರು, ನಿನ್ನನ್ನು ನೋಡಿದರು. "ಕೈ ಯಾರದು ಅಂತ ನೋಡೋಕೆ ಮುಂಚೆನೇ ನಿಲ್ಲಿಸಿದ್ಯಲ್ಲ, ನನಗೆ ಅಷ್ಟೇ ಬೇಕಾಗಿದ್ದು" ಎಂದು ಅಲ್ಲೇ ಸಹಿ ಹಾಕಿದರು.

ಆ ಸಹಿಗೆ ಅಪ್ಪ ಬೀಗಿದರು. ನಾನು ಬೀಗಿದ್ದು ಆಮೇಲೆ. ಪೆಟ್ಟಿಗೆ ನೆಲ ಮುಟ್ಟುವವರೆಗೆ, ಕ್ರೇನಿನ ಸದ್ದು ಪೂರ್ತಿ ಅಡಗುವವರೆಗೆ ಕಾದು ನಿಂತೆಯಲ್ಲ, ಆಮೇಲೆ ಕೈಗವಸು ಕಳಚಿ, ಎಲ್ಲರೂ ನೋಡುತ್ತಿರುವಾಗಲೇ, ನೀನು ನನಗೆ ಏಳು ತೋರಿಸಿದೆ. ಇಪ್ಪತ್ತಾರು ವರ್ಷದಲ್ಲಿ ನನಗೆ ಸಿಕ್ಕ ಏಳುಗಳನ್ನೆಲ್ಲ ಒಟ್ಟು ಹಾಕಿದರೂ ಅದಕ್ಕೆ ಸಾಟಿಯಿಲ್ಲ.

ನಿನ್ನ ಕೈ ನೋಡಿ ಕೆಲಸ ಮಾಡುವ ಯಾರೂ ಯಾವತ್ತೂ ನೋಯದಿರಲಿ. ಸಂಜೆ ಬೇಗ ಬಾ. ಹಳದಿ ಗೆರೆ ಇಲ್ಲದ ನಮ್ಮ ಬಾಗಿಲಲ್ಲಿ ಎರಡೂ ಕೈ ಎತ್ತಿ ನಿಂತಿರುತ್ತೇನೆ.

ನಿನ್ನ ಅಮ್ಮ